ಮೊಬೈಲ್‌ನ್ಯಾಗ ಶೇರ್ ತಗೊಳ್ಳಾಕ ಮೊದಲ ಒಂದ್ ಕಿರ್ದಿ ಪುಸ್ತಕ ತಗೊಳ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ನಾನು ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನ್ಯಾಗ ಒಂದ್ ದಲಾಲಿ ಅಂಗಡ್ಯಾಗ 22 ವರ್ಷದಿಂದ ಲೆಕ್ಕ ಬರಿಯಾಂವ. ನಿಮ್ಮ ಪೇಪರ್ ನಮ್ಮ ಅಂಗಡಿಗೆ ದಿನಾ ಬರ್ತೈತಿ, ನಾ ಮೊದಲ ತಗಿಯೋದ ಪೇಟೆ ಧಾರಣೆ ಪುಟ. ಈಗ ಒಂದೆರಡು ವರ್ಷದಿಂದ ಆ ಪುಟದಾಗ ಶೇರ್ ಸುದ್ದಿ ಭಾಳ ಬರಾಕತ್ತೈತಿ, ಯಾವ ಶೇರ್ ಎಷ್ಟು ಏರಿತು, ಯಾವ ಐಪಿಓ (ಕಂಪನಿ ಮೊದಲ ಸಲ ಮಂದಿಗೆ ಶೇರ್ ಮಾರೋದು) ಎಷ್ಟು ಪಟ್ಟು ತುಂಬಿತು, ಅದರ ಬಾಜೂಕ ಟ್ರೇಡಿಂಗ್ ಕ್ಲಾಸಿನ ಜಾಹೀರಾತು. ಓದಬಾರದು ಅನ್ನಂಗಿಲ್ಲ, ನಾನೂ ಓದ್ತೀನಿ, ನನ್ನ ರೊಕ್ಕಾನೂ ಒಂದಿಷ್ಟು ಅದರಾಗ ಐತಿ. ಆದ್ರ ನಮ್ಮಂಥ ಮಂದಿ, ಯಾವ ಸಲಹೆಗಾರನೂ ಇಲ್ಲದ ತಾವಾ ಮೊಬೈಲ್‌ನ್ಯಾಗ ಖಾತೆ ತಗದು ತಾವಾ ಕೊಂಡು ತಾವಾ ಮಾರೋ ಮಂದಿ, ಎಲ್ಲಿ ಎಡವತಾರ ಅನ್ನೋದರ ಬಗ್ಗೆ ಯಾರೂ ಬರಿಯಂಗಿಲ್ಲ, ಅದಕ್ಕ ಇಷ್ಟು ಉದ್ದ ಪತ್ರ ಬರಿಯಾಕತ್ತೀನಿ, ಜಾಗ ಇದ್ರ ಹಾಕ್ರಿ.

ಟೆಂಡರ್ ದಿನ ನಮ್ಮ ಅಂಗಡಿಗೆ ಬಂದ್ ನೋಡ್ರಿ. ಮೊದಲ ರೇಟ್ ಹೊರಗ ಬರೋ ತನಕ ಹುಡುಗರು ಚಾ ಕುಡಕೊಂತ ಕುಂದರ್ತಿದ್ರು. ಈಗ ಗುಮಾಸ್ತರು, ಗಾಡಿ ಡ್ರೈವರು, ಚೀಲ ಹೊಲಿಯೋ ಹುಡುಗರು, ಮೆಣಸಿನಕಾಯಿ ತಂದ ರೈತನ ಮಗ, ಎಲ್ಲಾರ ಕೈಯಾಗ ಮೊಬೈಲ್, ಅದರಾಗ ಹಸರು ಕೆಂಪು ಕಡ್ಡಿ. ನಮ್ಮಲ್ಲಿ ಕಡ್ಡಿ ಅಂದ್ರ ಬ್ಯಾಡಗಿ ಕಡ್ಡಿ ಮೆಣಸಿನಕಾಯಿ ಇತ್ತು, ಈಗ ಇವರಿಗೆ ಕಡ್ಡಿ ಅಂದ್ರ ಚಾರ್ಟಿಂದು. ಮಂಗಳವಾರ ಬಂತಂದ್ರ ನಿಫ್ಟಿ ಎಕ್ಸ್‌ಪೈರಿ, ಅಂದ್ರ ನಿಫ್ಟಿ ಸೂಚ್ಯಂಕದ ಮ್ಯಾಲ ಹಾಕಿದ ವಾರದ ಕರಾರು ಮುಗಿಯೋ ದಿನ ಅಂತ, ಮಧ್ಯಾಹ್ನ ಎರಡರಿಂದ ಮೂರೂವರಿ ತನಕ ಯಾರಿಗೂ ಮೈಮ್ಯಾಲ ಖಬರ್ ಇರಂಗಿಲ್ಲ.

ಹೋದ ತಿಂಗಳು ನಮ್ಮ ಅಕ್ಕನ ಮಗ ಊರಿಗೆ ಬಂದಿದ್ದ. ಡಿಪ್ಲೊಮಾ ಮುಗಿಸ್ಯಾನ, ಹುಬ್ಬಳ್ಯಾಗ ಒಂದ್ ಗಾಡಿ ಶೋರೂಂನ ಸರ್ವಿಸ್ ವಿಭಾಗದಾಗ ಕೆಲಸ, ತಿಂಗಳಿಗೆ 19 ಸಾವಿರ ಪಗಾರ. ಊಟಕ್ಕ ಕುಂತಾಗ ಮೊಬೈಲ್ ತೋರಿಸಿ "ಮಾಮಾ, ನಾ ಈ ವರ್ಷ 40 ಸಾವಿರ ಲಾಭದಾಗ ಅದೀನಿ" ಅಂದ. ನೋಡಿದ್ರ ಅದು ಯಾವುದೋ ಒಂದು ದಿನದ ಫೋಟೋ, ಹಸರು ಅಕ್ಷರದಾಗ 11 ಸಾವಿರ ಚಿಲ್ರೆ, ಇನ್ನೊಂದು ದಿನದ್ದು 8 ಸಾವಿರ, ಹಿಂಗ ನಾಕೈದು ಫೋಟೋ ಕೂಡಿಸಿ 40 ಸಾವಿರ. ನಾ ಅಂದೆ, "ತಮ್ಮಾ, ಅದನ್ನ ಬಿಡು. ಬ್ಯಾಂಕಿನಿಂದ ಅದರಾಗ ಎಷ್ಟು ಹಾಕಿದಿ, ಅದರಿಂದ ಬ್ಯಾಂಕಿಗೆ ಎಷ್ಟು ತಗದಿ, ಈಗ ಒಳಗ ಎಷ್ಟು ಐತಿ, ಮೂರ ಲೆಕ್ಕ ಹೇಳು." ಅವಗ ಹೇಳಾಕ ಬರಲಿಲ್ಲ.

ರವಿವಾರ ಇತ್ತು, ಅಂಗಡಿ ರಜಾ. ಹಳೇ ಕಿರ್ದಿ ಪುಸ್ತಕದಾಗ ಖಾಲಿ ಹಾಳಿ ಇದ್ದುವು, ಎಡಕ್ಕ ಜಮಾ ಬಲಕ್ಕ ಖರ್ಚು ಅಂತ ಗೀಟು ಹೊಡದು ಇಬ್ಬರೂ ಕುಂತ್ವಿ. ಬ್ಯಾಂಕಿನ ಸ್ಟೇಟ್‌ಮೆಂಟ್ ತಗದು ಒಂದೊಂದ ಸಾಲು ಅವ ಓದೋದು ನಾ ಬರಿಯೋದು. ಏಳು ತಿಂಗಳದಾಗ ಹಾಕಿದ್ದು ಒಟ್ಟು 1,85,000. ಅದರಾಗ 60 ಸಾವಿರ ಅವರಪ್ಪ ಮೆಣಸಿನಕಾಯಿ ಮಾರಿದ ರೊಕ್ಕ, ಬೋರ್ ಮೋಟಾರ್ ಸಲುವಾಗಿ ಇಟ್ಟದ್ದು, "ಎರಡು ತಿಂಗಳದಾಗ ತಿರುಗಿ ಇಡ್ತೀನಿ" ಅಂತ ಇಸಗೊಂಡದ್ದು. ವಾಪಸ್ ತಗದದ್ದು 62,000. ಒಳಗ ಉಳದದ್ದು 31,500. ಕಳದ್ರ 91,500 ರೂಪಾಯಿ ಲಾಸ್, ಹತ್ತಹತ್ರ ಐದು ತಿಂಗಳ ಪಗಾರ. ಆಮ್ಯಾಲೆ ಇ-ಮೇಲ್‌ಗೆ ದಿನಾ ಬರೋ ಕಾಂಟ್ರಾಕ್ಟ್ ನೋಟ್ (ಆ ದಿನ ಕೊಂಡದ್ದು ಮಾರಿದ್ದರ ಪಟ್ಟಿ) ತಗಿ ಅಂದೆ. ಪ್ಯಾನ್ ನಂಬರ್ ಹಾಕಿದ್ರ ತೆರಿತಾವು ಅನ್ನೋದ ಅವಗ ಗೊತ್ತಿರಲಿಲ್ಲ, ಏಳು ತಿಂಗಳದಾಗ ಒಂದೂ ತಗದು ನೋಡಿಲ್ಲ. ಎಣಿಸಿದ್ರ 412 ಆರ್ಡರ್. ಒಂದೊಂದಕ್ಕ ಬ್ರೋಕರೇಜ್ 20 ರೂಪಾಯಿ, ಅದರ ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿ, ಅಂದ್ರ 23 ರೂಪಾಯಿ 60 ಪೈಸೆ, 412 ಆರ್ಡರಿಗೆ 9,723 ರೂಪಾಯಿ. ಎಸ್‌ಟಿಟಿ (ಶೇರ್ ವ್ಯವಹಾರದ ಟ್ಯಾಕ್ಸ್), ಎಕ್ಸ್‌ಚೇಂಜ್ ಚಾರ್ಜ್, ಸ್ಟಾಂಪ್ ಡ್ಯೂಟಿ ಇವು ಬ್ಯಾರೆ. ಹುಡುಗ ಆ ಹಾಳಿ ಕಡೆ ನೋಡಕೊಂತ ಕುಂತುಬಿಟ್ಟ. ನಾ ಏನೂ ಬೈಲಿಲ್ಲ, ಬೈಯೋ ಅಷ್ಟು ನನಗೂ ಹಕ್ಕಿಲ್ಲ, ನಂದೂ ಕತಿ ಮುಂದ ಹೇಳ್ತೀನಿ.

ಇವ ಒಬ್ಬನ ಕತಿ ಆಗಿದ್ರ ನಾ ಪತ್ರ ಬರೀತಿರಲಿಲ್ಲ. ಶೇರ್ ಪೇಟೆ ಮ್ಯಾಲ ಕಣ್ಣಿಡೋ ಸರ್ಕಾರಿ ಸಂಸ್ಥೆ ಸೆಬಿಯವರು 2024ರ ಸೆಪ್ಟೆಂಬರ್‌ನ್ಯಾಗ ಹೊರಗ ಬಿಟ್ಟ ವರದಿ ಪ್ರಕಾರ 2021-22ರಿಂದ 2023-24ರ ತನಕ ಮೂರು ವರ್ಷದಾಗ ಫ್ಯೂಚರ್ಸ್ ಆಪ್ಷನ್ಸ್ (ರೇಟ್ ಮುಂದ ಏರ್ತೈತೋ ಬೀಳ್ತೈತೋ ಅನ್ನೋದರ ಮ್ಯಾಲ ಮಾಡೋ ಕರಾರು, ನಮ್ಮ ಹುಡುಗ ಆಪ್ಷನ್ಸ್ ಮಾಡ್ತಿದ್ದ) ಮಾಡಿದ ಸಾಮಾನ್ಯ ಮಂದಿ ಒಂದು ಕೋಟಿಗಿಂತ ಹೆಚ್ಚು, ಅವರಾಗ 100ಕ್ಕ 93 ಮಂದಿಗೆ ಲಾಸ್, ಒಟ್ಟು ಕಳಕೊಂಡದ್ದು 1.8 ಲಕ್ಷ ಕೋಟಿಗಿಂತ ಮ್ಯಾಲ. ಖರ್ಚು ಕಳದು ಒಂದು ಲಕ್ಷಕ್ಕಿಂತ ಹೆಚ್ಚು ಲಾಭ ಮಾಡಿದಾವ್ರು 100ಕ್ಕ ಒಬ್ಬ. ಆ ರೊಕ್ಕ ಹೋಗಿದ್ದೆಲ್ಲಿ ಅಂತ ಕೇಳಿದ್ರ ಅದನ್ನೂ ಬರದಾರ, 2023-24ರ ಒಂದ ವರ್ಷದಾಗ ಸ್ವಂತ ರೊಕ್ಕದಿಂದ ಟ್ರೇಡ್ ಮಾಡೋ ದೊಡ್ಡ ಕಂಪನಿಗಳು 33 ಸಾವಿರ ಕೋಟಿ, ವಿದೇಶಿ ಸಂಸ್ಥೆಗಳು 28 ಸಾವಿರ ಕೋಟಿ ಲಾಭ ಮಾಡ್ಯಾವು, ಅದರಾಗ ಬಹುತೇಕ ಕಂಪ್ಯೂಟರ್ ಪ್ರೋಗ್ರಾಂ ಇಟ್ಟು ಮಾಡಿದ್ದು. ನಮ್ಮ ಹುಡುಗ ಸರ್ವಿಸ್ ಸೆಂಟರ್‌ನ ಹಿಂದ ನಿಂತು ಒಂದ್ ಕೈಯಾಗ ಪಾನಾ ಹಿಡಕೊಂಡು ಇನ್ನೊಂದ್ ಕೈಯಿಂದ ಆರ್ಡರ್ ಹಾಕೋದು ಇಂಥವರ ಎದುರಿಗೆ. ಮಾರನೇ ವರ್ಷ 2024-25ರಾಗೂ 100ಕ್ಕ 91 ಮಂದಿಗೆ ಲಾಸ್, 1.05 ಲಕ್ಷ ಕೋಟಿ. ಮತ್ತ 30 ವರ್ಷದೊಳಗಿನ ಹುಡುಗರ ಪಾಲು 2022-23ರಾಗ 31 ಪರ್ಸೆಂಟ್ ಇದ್ದದ್ದು 2023-24ರಾಗ 43ಕ್ಕ ಏರಿತ್ತು. ಈ ನಂಬರ್ ಓದಿದ ದಿನ ನನಗ ರಾತ್ರಿ ನಿದ್ದಿ ಬರಲಿಲ್ಲ, ಯಾಕಂದ್ರ ಆ 43ರಾಗ ನಮ್ಮ ಓಣಿ ಹುಡುಗರ ಮಾರಿನ ಕಾಣಸ್ತಿದ್ವು.

ನನ್ನ ಮಾತು ಒಂದ ಐತ್ರಿ. ನಾವಾ ನಮ್ಮ ರೊಕ್ಕ ಹೂಡ್ತೀವಿ ಅಂದ್ರ ನಾವಾ ಶೇರ್ ಆರಿಸ್ತೀವಿ ಅಂತ ಮಂದಿ ತಿಳಕೊಂಡಾರ. ಆರಿಸೋದು ಆಮ್ಯಾಲಿನ ಮಾತು, ಮೊದಲ ನಾವಾ ಲೆಕ್ಕ ಇಡಬೇಕು. ರೈತ ನಮ್ಮಲ್ಲಿಗೆ ಹತ್ತು ಚೀಲ ತಂದ್ರ ಅವಗ ಒಂದು ಪಟ್ಟಿ ಕೊಡ್ತೀವಿ, ತೂಕ ಎಷ್ಟು, ರೇಟ್ ಎಷ್ಟು, ಹಮಾಲಿ ಎಷ್ಟು, ಚೀಲದ್ದೆಷ್ಟು, ಕೊನೀಗೆ ಕೈಗೆ ಎಷ್ಟು. ಅವ ಪಟ್ಟಿ ಮಡಚಿ ಕಿಸೇದಾಗ ಇಟ್ಟಕೊಂಡು ಹೋಗಿ ಮನ್ಯಾಗ ನೂರು ಸಲ ತಗದು ನೋಡ್ತಾನ, ಒಂದು ಕೇಜಿ ವ್ಯತ್ಯಾಸ ಬಂದ್ರ ಮರುದಿನ ಮುಂಜಾನೆ ಅಂಗಡಿ ಮುಂದ ನಿಂತಿರ್ತಾನ. ಅದ ರೈತನ ಮಗ ಮೊಬೈಲ್‌ನ್ಯಾಗ ಹತ್ತು ಪಟ್ಟು ರೊಕ್ಕ ಹಾಕಿ ಒಂದ ದಿನಾನೂ ಪಟ್ಟಿ ಕೇಳಂಗಿಲ್ಲ. ಆಪ್‌ನ್ಯಾಗ ಮೊದಲ ಕಾಣೋದು ಇವತ್ತಿನ ಲಾಭ-ಲಾಸ್, ಈಗ ಕೈಯಾಗಿರೋ ಶೇರಿಂದು. ಮಾರಿ ಲಾಸ್ ಆದದ್ದು ಬ್ಯಾರೆ ಕಡೆ ಹೋಗಿ ಕುಂದರ್ತೈತಿ, ಅದನ್ನ ನಾವಾ ಹುಡಕಿ ತಗದ್ರ ಮಾತ್ರ ಸಿಗ್ತೈತಿ. ಮನಸ್ಸೂ ಹಂಗ ಐತಿ, ಲಾಭ ಆದದ್ದು ನೆನಪಿರ್ತೈತಿ, ಲಾಸ್ ಆದದ್ದು ಮರೀತೈತಿ. ಶಿಲ್ಕು ತಾಳೆ ಆಗದ ನಾವು ಅಂಗಡಿ ಬಾಗಿಲಾ ಹಾಕಂಗಿಲ್ಲ, ಇಲ್ಲಿ ವರ್ಷಾನುಗಟ್ಟಲೆ ಶಿಲ್ಕು ನೋಡಿದಾವ್ರ ಇಲ್ಲ.

ಈಗ ನಂದು. 2016ರಾಗ ಒಂದ್ ಬ್ಯಾಂಕಿಗೆ ನನ್ನ ಎಫ್‌ಡಿ ರಿನೀವ್ ಮಾಡಸಾಕ ಹೋಗಿದ್ದೆ. ಒಳಗ ಕೂಡ್ರಿಸಿ ನೀರು ಕೊಟ್ಟು, ಇದು ಎಫ್‌ಡಿ ಇದ್ದಂಗ ಐತಿ, ಬಡ್ಡಿ ಹೆಚ್ಚು, ಇನ್ಶೂರೆನ್ಸ್ ಪುಕ್ಕಟೆ ಅಂದ್ರು. ವರ್ಷಕ್ಕ 50 ಸಾವಿರ. ಮೂರು ವರ್ಷ ಕಟ್ಟಿದೆ, ಒಂದೂವರಿ ಲಕ್ಷ. ಮಗಳ ಅಡ್ಮಿಷನ್‌ಗೆ ರೊಕ್ಕ ಬೇಕಾಗಿ ತಗಿಯಾಕ ಹೋದಾಗ ಇದು 15 ವರ್ಷದ ಪಾಲಿಸಿ, ಈಗ ಬಿಟ್ರ ಸರೆಂಡರ್ ವ್ಯಾಲ್ಯೂ ಅಷ್ಟ ಅಂದ್ರು, 58 ಸಾವಿರ ಕೈಗೆ ಬಂತು. ಊರಿಗೆಲ್ಲಾ ಲೆಕ್ಕ ಬರದು ಕೊಡೋ ನಾನು ಆ ಪಾಲಿಸಿ ಕಾಗದ ತಗದು ಓದಿರಲಿಲ್ಲ. ಆಗ ಪಾಲಿಸಿ ಕೈಗೆ ಬಂದ 15 ದಿನದಾಗ ಬ್ಯಾಡ ಅಂದ್ರ ವಾಪಸ್ ಕೊಡಾಕ ಬರ್ತಿತ್ತು, ಈಗ ಅದನ್ನ 30 ದಿನ ಮಾಡ್ಯಾರ. ಯಾರಿಗಾದ್ರೂ ಮೊನ್ನೆ ಮೊನ್ನೆ ಇಂಥದು ಕಟ್ಟಿಸಿದ್ರ ಇವತ್ತ ಹೋಗಿ ಕಾಗದ ತಗದು ನೋಡ್ರಿ, ದಿನ ಉಳದಿರಬಹುದು. ಇನ್ಶೂರೆನ್ಸ್ ಬೇಕು, ನನಗೂ ಈಗ ಟರ್ಮ್ ಪಾಲಿಸಿ ಐತಿ, ಸತ್ರ ಹೆಂಡ್ತಿ ಮಕ್ಕಳಿಗೆ ರೊಕ್ಕ ಬರ್ತೈತಿ, ಬದುಕಿದ್ರ ಏನೂ ಬರಂಗಿಲ್ಲ, ಅದಕ್ಕ ಅದು ಸಸ್ತಾ. ಉಳಿತಾಯಾನ ಅದರ ಜೋಡಿ ಕಲಸಿದ ಕೂಡಲೆ ಯಾವುದಕ್ಕ ಎಷ್ಟು ಕಟ್ಟಾಕತ್ತೀವಿ ಅಂತ ನಮಗ ತಿಳಿಯಂಗಿಲ್ಲ.

ಆ ಸಿಟ್ಟಿಗೆ ನಾನಾ ಎಲ್ಲಾ ಮಾಡ್ತೀನಿ ಅಂತ ಡಿಮ್ಯಾಟ್ (ಶೇರ್ ಇಡೋ ಖಾತೆ) ತಗದೆ. ಅಲ್ಲೂ ಪೆಟ್ಟು ತಿಂದೆ. ಒಂದ್ ಕಂಪನಿ ಶೇರು, 300 ಇದ್ದಾಗ ನೂರು ತಗೊಂಡೆ. 200ಕ್ಕ ಬಂತು, ಸಸ್ತಾ ಆತು ಅಂತ ಇನ್ನೊಂದು ನೂರು. 100ಕ್ಕ ಬಂತು, ಇನ್ನೊಂದು ನೂರು. ಸರಾಸರಿ 200ಕ್ಕ ಇಳೀತು ಅಂತ ಸಮಾಧಾನ ಮಾಡಿಕೊಂಡೆ. ಅದು 20ಕ್ಕ ಹೋತು. 60 ಸಾವಿರ ಹೋಗಿ 6 ಸಾವಿರ ಆತು. ನಮ್ಮ ಮಾರ್ಕೆಟ್‌ನ್ಯಾಗ ಯಾವ ಸಣ್ಣ ವ್ಯಾಪಾರಿಗೂ ಗೊತ್ತು, ಬ್ಯಾಡಗಿ ಕಾಯಿ ಹೋಗೋದ ಬಣ್ಣಕ್ಕ, ಬಣ್ಣ ಹೋದ ಕಾಯಿನ್ನ ಕೋಲ್ಡ್ ಸ್ಟೋರೇಜ್‌ನ್ಯಾಗ ಎಷ್ಟು ವರ್ಷ ಇಟ್ರೂ ಬಣ್ಣ ವಾಪಸ್ ಬರಂಗಿಲ್ಲ, ಬಾಡಿಗೆ ಮೈಮ್ಯಾಲ ಬರ್ತೈತಿ ಅಷ್ಟ. ರೇಟ್ ಬಿದ್ದದ್ದು ಸುಗ್ಗಿ ಆವಕಕ್ಕೋ, ಕಾಯಿ ಕೆಟ್ಟಿದ್ದಕ್ಕೋ ಅಂತ ನೋಡಿ ಹಿಡಿಬೇಕು. ಶೇರ್‌ನ್ಯಾಗ ಅದನ್ನ ನೋಡಾಕ ಕಂಪನಿ ಬ್ಯಾಲೆನ್ಸ್ ಶೀಟ್ ಓದಬೇಕು, ಸಾಲ ಎಷ್ಟು, ಪ್ರಮೋಟರ್ (ಕಂಪನಿ ಕಟ್ಟಿದ ಮಾಲಕ) ತನ್ನ ಶೇರ್ ಅಡ ಇಟ್ಟಾನೋ ಇಲ್ಲೋ, ಧಂದೆಯಿಂದ ರೊಕ್ಕ ಕೈಗೆ ಬರ್ತೈತೋ ಬರೇ ಪುಸ್ತಕದಾಗ ಲಾಭ ಕಾಣಸ್ತೈತೋ. ಅಷ್ಟು ವ್ಯಾಳ್ಯಾ ನನಗಿಲ್ಲ ಅಂತ ಆವತ್ತಿಂದ ಒಪ್ಪಿಕೊಂಡೀನಿ. 100 ಇದ್ದದ್ದು 50 ಆದ್ರ ಅರ್ಧ ಬಿತ್ತು ಅಂತೀವಿ, ವಾಪಸ್ 100 ಆಗಬೇಕಂದ್ರ ಡಬಲ್ ಆಗಬೇಕು, ಇದು ಸಣ್ಣ ಲೆಕ್ಕ, ಆದ್ರ ರೊಕ್ಕ ಹೋದ ಮ್ಯಾಲ ನನಗ ತಿಳದದ್ದು.

ಈಗ ನಾ ಇಂಡೆಕ್ಸ್ ಫಂಡ್‌ನ್ಯಾಗ ತಿಂಗಳಾ ಹಾಕ್ತೀನಿ, ಐವತ್ತು ದೊಡ್ಡ ಕಂಪನಿ ಒಂದ ಗಂಟಿನ್ಯಾಗ, ಯಾವುದು ಏರ್ತೈತಿ ಅಂತ ಆರಿಸೋ ಗೋಜಿಲ್ಲ. ಮ್ಯೂಚುವಲ್ ಫಂಡ್ ವಿಷಯದಾಗ ಒಂದು ಭಾಳ ಮಂದಿಗೆ ಗೊತ್ತಿಲ್ಲದ್ದು ಹೇಳ್ತೀನಿ. 2013ರ ಜನವರಿಯಿಂದ ಪ್ರತಿ ಫಂಡಿಗೂ ಎರಡು ರೂಪ ಅದಾವು, ರೆಗ್ಯುಲರ್ ಮತ್ತು ಡೈರೆಕ್ಟ್. ಫಂಡ್ ಅದ, ಶೇರ್ ಅವ, ನಡಸಾವ ಅವನ. ರೆಗ್ಯುಲರ್‌ನ್ಯಾಗ ಮಾರಿಸಿದ ಏಜೆಂಟಗೋ ಬ್ಯಾಂಕಿಗೋ ವರ್ಷಾ ವರ್ಷಾ ಕಮಿಷನ್ ಹೋಗ್ತೈತಿ, ಡೈರೆಕ್ಟ್‌ನ್ಯಾಗ ಇಲ್ಲ. ಈ ಕಮಿಷನ್ ನಮ್ಮ ಸ್ಟೇಟ್‌ಮೆಂಟ್‌ನ್ಯಾಗ ಖರ್ಚು ಅಂತ ಬ್ಯಾರೆ ಸಾಲಿನ್ಯಾಗ ಕಳದು ತೋರ್ಸಂಗಿಲ್ಲ, ಎನ್‌ಎವಿ (ಫಂಡಿನ ಒಂದು ಯೂನಿಟ್ಟಿನ ರೇಟ್) ಒಳಗ ಕಳದ ಬರ್ತೈತಿ, ಅದಕ್ಕ ಯಾರಿಗೂ ನೋವಾಗಂಗಿಲ್ಲ. ಲೆಕ್ಕ ಹಾಕಿ ನೋಡ್ರಿ, ತಿಂಗಳಿಗೆ 5 ಸಾವಿರ, 20 ವರ್ಷ, ಕಟ್ಟಿದ್ದು 12 ಲಕ್ಷ. ವರ್ಷಕ್ಕ 12 ಪರ್ಸೆಂಟ್ ಬಂತಂತ ಇಟ್ಟಕೊಂಡ್ರ ಸುಮಾರು 49 ಲಕ್ಷ 46 ಸಾವಿರ ಆಗ್ತೈತಿ. ಅದರಾಗ 1 ಪರ್ಸೆಂಟ್ ಕಮಿಷನ್ ಹೋಗಿ 11 ಬಂದ್ರ 43 ಲಕ್ಷ 28 ಸಾವಿರ. ಬರೇ ಒಂದು ಪರ್ಸೆಂಟಿಗೆ ಆರು ಲಕ್ಷ! 12 ಪರ್ಸೆಂಟ್ ಬಂದ ಬರ್ತೈತಿ ಅಂತ ಯಾರೂ ಬರದು ಕೊಟ್ಟಿಲ್ಲ, ಇದು ಲೆಕ್ಕಕ್ಕ ಹಿಡದ ರೇಟ್. ಆದ್ರ ಕಮಿಷನ್ ಮಾತ್ರ ಮಾರ್ಕೆಟ್ ಏರಿದ್ರೂ ಹೋಗ್ತೈತಿ, ಬಿದ್ರೂ ಹೋಗ್ತೈತಿ.

ಹಂಗಂತ ಎಲ್ಲಾರೂ ಇವತ್ತ ಏಜೆಂಟನ್ನ ಬಿಡ್ರಿ ಅನ್ನಂಗಿಲ್ಲ ನಾ. ನಮ್ಮ ಬಾಜೂ ಮನಿ ಅಕ್ಕಾರು, ಗಂಡ ತೀರಿಕೊಂಡ ಮ್ಯಾಲ ಅವರ ರೊಕ್ಕಾನ ಹಾವೇರಿಯ ಒಬ್ಬ ಏಜೆಂಟರು ನೋಡ್ತಾರ, ಫಾರ್ಮ್ ತುಂಬೋದು, ಕೆವೈಸಿ, ಮಾರ್ಕೆಟ್ ಬಿದ್ದಾಗ ಮನಿಗೆ ಬಂದು "ಅಕ್ಕಾರ ಹೆದರಬ್ಯಾಡ್ರಿ, ತಗೀಬ್ಯಾಡ್ರಿ" ಅಂತ ಹೇಳಿ ಹೋಗೋದು. ಆ ಮಾತಿಗೆ ಒಂದು ಪರ್ಸೆಂಟ್ ಕೊಟ್ರ ತಪ್ಪಿಲ್ಲ. ತಪ್ಪು ಏನಂದ್ರ ಎಷ್ಟು ಕೊಡಾಕತ್ತೀನಿ ಅಂತ ಗೊತ್ತಿಲ್ಲದ ಕೊಡೋದು. ಮತ್ತ ರೆಗ್ಯುಲರ್‌ನಿಂದ ಡೈರೆಕ್ಟ್‌ಗೆ ಬದಲಿ ಮಾಡೋದೂ ಮಾರಿದಂಗ ಲೆಕ್ಕ, ಎಕ್ಸಿಟ್ ಲೋಡ್ (ಲಗೂ ತಗದ್ರ ಹಿಡಕೊಳ್ಳೋ ಖರ್ಚು) ಬೀಳಬಹುದು, ಟ್ಯಾಕ್ಸ್ ಬೀಳ್ತೈತಿ, 2024ರ ಜುಲೈ 23ರಿಂದ ಶೇರ್ ಫಂಡ್‌ನ್ಯಾಗ ವರ್ಷದೊಳಗ ಮಾರಿದ್ರ ಲಾಭಕ್ಕ 20 ಪರ್ಸೆಂಟ್, ವರ್ಷ ದಾಟಿದ್ರ 1.25 ಲಕ್ಷದ ಮ್ಯಾಲಿನ ಲಾಭಕ್ಕ 12.5. ಅದಕ್ಕ ಇನ್ನ ಮುಂದ ಹಾಕೋದನ್ನ ಡೈರೆಕ್ಟ್‌ನ್ಯಾಗ ಹಾಕಿ, ಹಳೇದನ್ನ ಲೆಕ್ಕ ಮಾಡಿ ನಿಧಾನಕ್ಕ ತಗದ್ರ ಆತು.

ಪ್ಲಾಟಿನ ವಿಷಯ ಬಂದ್ರಂತೂ ಹುಬ್ಬಳ್ಳಿ-ಧಾರವಾಡದಾಗ ಯಾರನ್ನ ಕೇಳಿದ್ರೂ ಒಂದ ಮಾತು, 5 ಲಕ್ಷಕ್ಕ ತಗೊಂಡದ್ದು 20 ಲಕ್ಷ ಆತು, ಶೇರ್ ಯಾಕ ಬೇಕು. ಎಷ್ಟು ವರ್ಷಕ್ಕ ಅಂತ ಕೇಳ್ರಿ. 15 ವರ್ಷಕ್ಕ ಅಂತಾರ. ನಮ್ಮ ಹಳೇ ಗುಮಾಸ್ತರು ನನಗ ಕಲಿಸಿದ್ದು, 72ನ್ನ ಬಡ್ಡಿಯಿಂದ ಭಾಗಿಸಿದ್ರ ಎಷ್ಟು ವರ್ಷಕ್ಕ ಡಬಲ್ ಅಂತ ತಿಳೀತೈತಿ. 15 ವರ್ಷದಾಗ ನಾಕ್ಪಟ್ಟು ಅಂದ್ರ ಎರಡು ಸಲ ಡಬಲ್, ಏಳೂವರಿ ವರ್ಷಕ್ಕೊಂದು, 72 ಭಾಗ ಏಳೂವರಿ, 9.6 ಪರ್ಸೆಂಟ್. ಅದರಾಗ ನೋಂದಣಿ ಖರ್ಚು, ವರ್ಷಾ ವರ್ಷಾ ಟ್ಯಾಕ್ಸ್, ಕಂಪೌಂಡ್, ದಲಾಲಿ ಕಳೀರಿ. ಕೆಟ್ಟ ಹೂಡಿಕೆ ಅಲ್ಲ, ಆದ್ರ ಮಂದಿ ತಿಳಕೊಂಡಷ್ಟು ದೊಡ್ಡದೂ ಅಲ್ಲ, ಮತ್ತ ದವಾಖಾನಿಗೆ ಅಡ್ಮಿಟ್ ಆದ ದಿನ ಪ್ಲಾಟಿನ ಒಂದು ಮೂಲಿ ಮಾತ್ರ ಮಾರಾಕ ಬರಂಗಿಲ್ಲ. ಬಂಗಾರಕ್ಕೂ ಇದ ಲೆಕ್ಕ, ಒಡವಿ ತಗೋವಾಗ ಕೊಟ್ಟ ಮಜೂರಿ, ಜಿಎಸ್‌ಟಿ ಮಾರುವಾಗ ಯಾರೂ ವಾಪಸ್ ಕೊಡಂಗಿಲ್ಲ, ಪೇಪರ್‌ನ್ಯಾಗಿನ ರೇಟ್ ನೋಡಿ ಲಾಭ ಹಿಡಿಬಾರದು.

ಬೀಳೋ ದಿನದ ಬಗ್ಗೆ ಹೇಳಲೇಬೇಕು. 2020ರ ಮಾರ್ಚ್ 23, ಸೋಮವಾರ, ಸೆನ್ಸೆಕ್ಸ್ ಒಂದ ದಿನದಾಗ 3,934 ಪಾಯಿಂಟ್ ಬಿದ್ದು 25,981ಕ್ಕ ಬಂದು ನಿಂತ್ತು. ಎರಡು ತಿಂಗಳ ಹಿಂದಷ್ಟ 42 ಸಾವಿರ ಮುಟ್ಟಿದ್ದು. ನಮಗ ಪರಿಚಯದ ಒಬ್ಬರು ಹೈಸ್ಕೂಲ್ ಮಾಸ್ತರು ಆರು ವರ್ಷದಿಂದ ಎಸ್‌ಐಪಿ (ತಿಂಗಳಾ ಫಂಡಿಗೆ ಹಾಕೋ ಕಂತು) ಕಟ್ಟಿಕೊಂತ ಬಂದಿದ್ರು, ಆ ವಾರ ಎಲ್ಲಾ ಮಾರಿ ಎಫ್‌ಡಿ ಮಾಡಿದ್ರು, ಎಲ್ಲಾ ಸರಿ ಆದ ಮ್ಯಾಲ ತಿರುಗಿ ಹಾಕ್ತೀನಿ ಅಂದ್ರು. ನವೆಂಬರ್ ಹೊತ್ತಿಗೆ ಸೆನ್ಸೆಕ್ಸ್ 44 ಸಾವಿರ ದಾಟಿತ್ತು, ಮಾಸ್ತರು ಇನ್ನೂ ತುಟ್ಟಿ ಆತು ಅಂತ ಕಾಯ್ತಿದ್ರು. ಅವರು ನನಗಿಂತ ಶಾಣ್ಯಾ ಮನಷ್ಯಾ. ನಾ ಯಾಕ ಮಾರಲಿಲ್ಲ ಅಂದ್ರ ನನ್ನ ಧೈರ್ಯಕ್ಕಲ್ಲ, ಆ ವರ್ಷದ ಮಗಳ ಫೀ, ಆರು ತಿಂಗಳ ಮನಿ ಖರ್ಚು ಬ್ಯಾರೆ ಎಫ್‌ಡಿ ಒಳಗ ಇತ್ತು, ಅಂಗಡಿ ಬಂದ್ ಆಗಿ ಪಗಾರ ಅರ್ಧ ಬಂದಾಗೂ ಶೇರ್ ಕಡೆ ಕೈ ಹಾಕೋ ಗರಜು ಬೀಳಲಿಲ್ಲ. ಮಾಸ್ತರದು ಮಗಳ ಮದುವಿ ರೊಕ್ಕಾನೂ ಅದರಾಗ ಇತ್ತು. ಎರಡು-ಮೂರು ವರ್ಷದಾಗ ಬೇಕಾಗೋ ರೊಕ್ಕ ಶೇರ್‌ನ್ಯಾಗ ಇಟ್ರ ಎಂಥಾ ಗಟ್ಟಿ ಮನಷ್ಯಾಗೂ ಕೈ ನಡಗ್ತಾವು.

ನಮ್ಮ ಕಡಿ ಮಂದಿಗೆ ಇನ್ನೊಂದು ಮಾತು, ಇದು ಬೆಂಗಳೂರಿನಾವ್ರು ಬರದ ಲೇಖನದಾಗ ಬರಂಗಿಲ್ಲ. ನಮ್ಮ ಮಾಲಕರ ಹೊಲ ಮೆಣಸಿನಕಾಯಿ, ಅಂಗಡಿ ಮೆಣಸಿನಕಾಯಿ, ಕೋಲ್ಡ್ ಸ್ಟೋರೇಜ್‌ನ್ಯಾಗ ಇಟ್ಟದ್ದು ಮೆಣಸಿನಕಾಯಿ, ಅದರ ರಸೀದಿ ಮ್ಯಾಲ ತಗೊಂಡ ಸಾಲ, ಊರಾಗಿನ ಪ್ಲಾಟಿನ ರೇಟ್ ಏರೋದೂ ಮೆಣಸಿನಕಾಯಿ ಏರಿದ್ರ. 2024ರ ಮಾರ್ಚ್ 11ಕ್ಕ ದರ ಬಿದ್ದು ನಮ್ಮ ಮಾರ್ಕೆಟ್‌ನ್ಯಾಗ ಗಾಡಿಗೆ ಬೆಂಕಿ ಬಿದ್ದದ್ದು ನಿಮ್ಮ ಪೇಪರ್‌ನ್ಯಾಗೂ ಬಂತು. ಆ ದಿನ ಸಂಜೀಕ ಮಾಲಕರು ಅಂದದ್ದು ನನಗಿನ್ನೂ ನೆನಪೈತಿ, "ಎಲ್ಲಾ ಒಂದ ಚೀಲದಾಗ ತುಂಬಿವಲ್ಲೋ ತಮ್ಮಾ". ಹೊಟ್ಟಿಪಾಡು ಯಾವುದರ ಮ್ಯಾಲ ಐತೋ ಉಳಿತಾಯ ಅದರ ಮ್ಯಾಲ ಇರಬಾರದು. ಹುಬ್ಬಳ್ಳಿ ಐಟಿ ಹುಡುಗರು ಬರೇ ಐಟಿ ಶೇರ್ ತಗೊಳ್ಳೋದೂ ಇದ ತಪ್ಪು, ಕೆಲಸ ಹೋಗೋ ವರ್ಷಾನ ಶೇರೂ ಬೀಳ್ತೈತಿ.

ಸೊಸೈಟಿ ಬಗ್ಗೆ ಬರಿಯಾಕ ಮನಸ್ಸು ಹಿಂಜರೀತೈತಿ, ಯಾಕಂದ್ರ ನಮ್ಮ ಗದಗ ಜಿಲ್ಲೆ ಕಣಗಿನಹಾಳದಾಗ 1905ರಾಗ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ್ದು, ಅದರ ಮ್ಯಾಲ ನಮಗೆಲ್ಲಾ ಅಭಿಮಾನ ಐತಿ. ಈಗೂ ಛಲೋ ನಡಸೋ ಸಂಘ ಭಾಳ ಅದಾವು. ಆದ್ರ ಬ್ಯಾಂಕಿನ್ಯಾಗ, ಅದು ಸಹಕಾರಿ ಬ್ಯಾಂಕ್ ಇದ್ರೂ, ಒಬ್ಬರ ಹೆಸರಿನ ಠೇವಣಿಗೆ 5 ಲಕ್ಷದ ತನಕ ವಿಮೆ ಐತಿ, 2020ರ ಫೆಬ್ರುವರಿ ಮೊದಲ ಅದು 1 ಲಕ್ಷ ಇತ್ತು. ಪತ್ತಿನ ಸೊಸೈಟಿ, ಸೌಹಾರ್ದ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಒಂದೆರಡು ಪರ್ಸೆಂಟ್ ಹೆಚ್ಚು ಬಡ್ಡಿ ಅಂತ ರಿಟೈರ್ಡ್ ರೊಕ್ಕ ಪೂರಾ ತಗೊಂಡು ಹೋಗಿ ಇಡೋ ಮೊದಲ ಆ ಸಂಘದ ಆಡಿಟ್ ವರ್ಗ ಯಾವುದು, ಸಾಲ ಎಷ್ಟು ಮುಳಗೈತಿ ಅಂತ ಕೇಳ್ರಿ. ಸದಸ್ಯರಿಗೆ ಕೇಳೋ ಹಕ್ಕೈತಿ, ವಾರ್ಷಿಕ ಸಭೆಗೆ ಊಟಕ್ಕಷ್ಟ ಹೋಗಬ್ಯಾಡ್ರಿ, ಕೈಯಾಗ ಕೊಡೋ ವರದಿ ಪುಸ್ತಕ ಮನಿಗೆ ತಂದು ಓದ್ರಿ.

ವಾಟ್ಸಾಪ್, ಟೆಲಿಗ್ರಾಂ ಟಿಪ್ಸ್ ಗುಂಪಿನ ವಿಷಯ ಉದ್ದ ಬರಿಯಂಗಿಲ್ಲ. ಸಲಹೆ ಕೊಟ್ಟು ಫೀ ತಗೋಳ್ಳಾಂವ ಸೆಬಿ ಒಳಗ ನೋಂದಣಿ ಆಗಿರಬೇಕು, ಸಲಹೆಗಾರರ ನಂಬರ್ ಐಎನ್‌ಎ ಅಂತ, ರಿಸರ್ಚ್ ಅನಲಿಸ್ಟ್ ನಂಬರ್ ಐಎನ್‌ಎಚ್ ಅಂತ ಶುರು ಆಗ್ತೈತಿ, ಸೆಬಿ ವೆಬ್‌ಸೈಟ್‌ನ್ಯಾಗ ಹೊಡದು ನೋಡಬಹುದು. ಯಾರದೋ ಸ್ವಂತ ಯುಪಿಐಗೆ ರೊಕ್ಕ ಹಾಕು ನಾ ಐಪಿಓ ಕೊಡಸ್ತೀನಿ ಅಂದ್ರ ಅದು ಮೋಸ, ಬ್ಯಾರೆ ಮಾತಿಲ್ಲ. ರೊಕ್ಕ ಹೋದ್ರ ನಾಚಿಕಿ ಪಟಕೊಂಡು ಮನ್ಯಾಗ ಕುಂದ್ರಬ್ಯಾಡ್ರಿ, ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಮಾಡ್ರಿ, ತಾಸು ಕಳದಂಗ ರೊಕ್ಕ ಸಿಗೋದು ಕಷ್ಟ ಆಗ್ತೈತಿ.

ಮತ್ತೊಂದು, ತಾವಾ ಎಲ್ಲಾ ಮಾಡಿಕೊಳ್ಳಾವ್ರ ಮನ್ಯಾಗ ಆಗೋದು. ಎರಡು ವರ್ಷದ ಹಿಂದ ನಮ್ಮ ಬಾಜೂ ಅಂಗಡಿ ಗುಮಾಸ್ತ ಹಾರ್ಟ್ ಅಟ್ಯಾಕ್ ಆಗಿ ಹೋದ. ಮೊಬೈಲ್‌ನ್ಯಾಗ ಶೇರ್ ಐತಿ ಅಂತ ಹೆಂಡ್ತಿಗೆ ಗೊತ್ತು, ಯಾವ ಆಪ್, ಎಷ್ಟು, ಏನೂ ಗೊತ್ತಿಲ್ಲ, ಮೊಬೈಲ್ ಲಾಕ್ ತಗಿಯಾಕೂ ಬರಲಿಲ್ಲ. ಅವನ ಇ-ಮೇಲ್‌ಗೆ ಎಲ್ಲಾ ಹೂಡಿಕೆ ಒಂದ ಕಡೆ ಸೇರಿಸಿದ ಸ್ಟೇಟ್‌ಮೆಂಟ್ ಬರ್ತಿತ್ತು ಅನ್ನೋದು ಗೊತ್ತಾಗಾಕ ಆರು ತಿಂಗಳು ಹಿಡೀತು, ನಾಮಿನಿ ಹಾಕಿರಲಿಲ್ಲ, ಆ ತಾಯಿ ಎರಡು ಸಣ್ಣ ಮಕ್ಕಳನ್ನ ಕರಕೊಂಡು ವಾರಸಾ ಕಾಗದಕ್ಕ ಆಫೀಸಿನಿಂದ ಆಫೀಸಿಗೆ ಅಡ್ಡಾಡಿದ್ದು ನಾ ಕಣ್ಣಾರೆ ನೋಡೀನಿ. ನನ್ನ ಕಿರ್ದಿ ಪುಸ್ತಕದ ಮೊದಲ ಹಾಳ್ಯಾಗ ಈಗ ಅದ ಬರದೀನಿ, ಯಾವ ಖಾತೆ, ಎಲ್ಲೈತಿ, ನಾಮಿನಿ ಯಾರು. ಪುಸ್ತಕ ಎಲ್ಲಿಟ್ಟೀನಿ ಅಂತ ಹೆಂಡ್ತಿಗೂ ಮಗಳಿಗೂ ತೋರ್ಸೀನಿ.

ಸಂಪಾದಕರಲ್ಲಿ ನನ್ನ ವಿನಂತಿ ಇಷ್ಟ. ದಿನಾ ಪೇಟೆ ಧಾರಣೆ ಪುಟದಾಗ ಏರಿದ ಶೇರ್ ಹೆಸರು ಹಾಕ್ತೀರಿ, ಹಾಕ್ರಿ. ವಾರಕ್ಕ ಒಂದಿನ, ಸೋಮವಾರ ಆದ್ರ ಛಲೋ, ಅದ ಪುಟದಾಗ ಒಂದು ಕೈಯಗಲ ಜಾಗದಾಗ ಇಂಥ ಲೆಕ್ಕ ಹಾಕ್ರಿ. ಒಂದು ವಾರ ಕಾಂಟ್ರಾಕ್ಟ್ ನೋಟ್ ಸಾಲು ಸಾಲು ಬಿಡಿಸಿ ಹೇಳೋದು, ಒಂದು ವಾರ ರೆಗ್ಯುಲರ್ ಡೈರೆಕ್ಟ್ ವ್ಯತ್ಯಾಸ, ಒಂದು ವಾರ ಅಂಚೆ ಕಚೇರಿ, ಬ್ಯಾಂಕ್ ಎಫ್‌ಡಿ, ಪಿಪಿಎಫ್ ಬಡ್ಡಿ ಅಕ್ಕಪಕ್ಕ ಇಟ್ಟು ತೋರಿಸೋದು, ಒಂದು ವಾರ ಸೊಸೈಟಿ ವರದಿ ಓದೋದು ಹೆಂಗ ಅಂತ. ಶೇರ್ ಹೆಸರು ಒಂದೂ ಬ್ಯಾಡ. ಮತ್ತ ತಿಂಗಳದಾಗ ಲಕ್ಷ ಗಳಿಸ್ರಿ ಅನ್ನೋ ಟ್ರೇಡಿಂಗ್ ಕ್ಲಾಸ್ ಜಾಹೀರಾತು ಬಂದಾಗ ಅವರ ಸೆಬಿ ನೋಂದಣಿ ನಂಬರ್ ಕೇಳಿ ತಗೋರಿ, ನಿಮ್ಮ ಪೇಪರ್‌ನ್ಯಾಗ ಬಂದೈತಿ ಅಂದ್ರ ಖರೆ ಅಂತ ನಂಬೋ ಮಂದಿ ನಮ್ಮ ಕಡೆ ಇನ್ನೂ ಅದಾರ.

ನಮ್ಮ ಅಕ್ಕನ ಮಗ ಆಪ್ಷನ್ಸ್ ಬಂದ್ ಮಾಡ್ಯಾನ. ಉಳದ 31,500 ತಗದು ಅವರಪ್ಪಗ ಕೊಟ್ಟ, ಮೋಟಾರಿಗೆ ಇನ್ನ 28,500 ಬಾಕಿ ಐತಿ, ತಿಂಗಳಿಗೆ 3 ಸಾವಿರದಂಗ ಕೊಡಾಕತ್ತಾನ. ಹೋದ ರವಿವಾರ ಫೋನ್ ಮಾಡಿ "ಮಾಮಾ, ಆ ಕಿರ್ದಿ ಪುಸ್ತಕ ಹುಬ್ಬಳ್ಯಾಗ ಎಲ್ಲಿ ಸಿಗ್ತೈತಿ" ಅಂತ ಕೇಳಿದ. ನಮ್ಮ ಅಂಗಡ್ಯಾಗ ದೀಪಾವಳಿ ಪಾಡ್ಯಕ್ಕ ಪೂಜಾ ಮಾಡಿದ್ದರಾಗ ಒಂದು ಹೊಸಾದು ಉಳದಿತ್ತು, ಮಾಲಕರನ್ನ ಕೇಳಿ ಮುಂಜಾನೆ ಬಸ್ಸಿನ್ಯಾಗ ಕಳಿಸೀನಿ.

ಇಂತಿ ನಿಮ್ಮ ಓದುಗ,
ದಲಾಲಿ ಅಂಗಡಿ ಗುಮಾಸ್ತ,
ಬ್ಯಾಡಗಿ, ಹಾವೇರಿ ಜಿಲ್ಲೆ